ಸರಿ ಮಾಡಿದ ಕಿವಿ

ಟಪ್ ಟಪ್, ಬಾಲ ಬಡಿಯುತ್ತಲೇ ಇದೆ ಕಪಾಟಿನ ಬಾಗಿಲಿಗೆ, ಈರುಳ್ಳಿ ಸಿಪ್ಪೆ ನೆಲಕ್ಕೆ ಬಿದ್ದರೂ ಓಡಿ ಬಂದು ಮೂಸುತ್ತದೆ, ಸೀನುತ್ತದೆ, ಆಮೇಲೆ ನನ್ನದೇ ತಪ್ಪು ಎಂಬಂತೆ ಮುಖ ನೋಡುತ್ತದೆ — ಏನು ನೋಡ್ತೀಯ ಬೂದಿ, ಹೋಗು, ನಿನ್ನ ಯಜಮಾನಿ ಹತ್ತಿರ ಹೋಗು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಾಳೆ, ನಾನು ಕೆಲಸದಿಂದ ಬಂದು ಒಂದು ಗಂಟೆಯಾಯಿತು, ಅಮ್ಮ ಬಂದಳೆಂದು ತಲೆ ಎತ್ತಿದ್ದರೆ ಕೇಳಿ, ಒಂಬತ್ತು ವರ್ಷದ ಹುಡುಗಿಗೆ ಇಷ್ಟೊಂದು ಬಿಗುಮಾನ, ಅವಳಪ್ಪನ ಕಡೆಯಿಂದಲೇ ಬಂದಿರಬೇಕು, ನಮ್ಮ ಕಡೆಯವರಿಗೆ ಮುನಿಸಿಕೊಂಡು ಕೂರಲು ಪುರಸೊತ್ತೆಲ್ಲಿತ್ತು. ಮೇಜಿನ ಮೇಲೆ ಶಾಲೆಯ ಡೈರಿ, ಮುಚ್ಚಿಟ್ಟರೂ ಟೀಚರಮ್ಮನ ಆ ಕೆಂಪು ಅಕ್ಷರ ರಟ್ಟಿನಾಚೆಗೆ ಕಾಣುತ್ತದೆ, ಕೈಕೆಲಸ ಮಗುವಿನದಲ್ಲ, ಆದ್ದರಿಂದ ಪ್ರದರ್ಶನಕ್ಕೆ ತೆಗೆದುಕೊಂಡಿಲ್ಲ, ಮಗುವೇ ಮಾಡಿದ್ದನ್ನು ನಾಳೆ ಬೆಳಿಗ್ಗೆ ತಂದರೆ ನೋಡೋಣ. ನೋಡೋಣವಂತೆ. ಏನು ನೋಡುತ್ತಾರೆ ಇವರು, ಆ ನಾಯಿಗೊಂಬೆಯ ಹೊಟ್ಟೆಯೊಳಗೆ ಏನಿದೆಯೆಂದು ಒಬ್ಬರಾದರೂ ಕೇಳಿದರೇ, ಹತ್ತಿಯಲ್ಲ, ಸ್ಪಂಜಲ್ಲ, ಇದೇ ಬೂದಿಯ ಕೂದಲು, ಎರಡು ತಿಂಗಳು ದಿನಾ ಸಂಜೆ ಅದರ ಮೈ ಬಾಚಿ ಬಾಚಣಿಗೆಗೆ ಬಂದದ್ದನ್ನೆಲ್ಲ ದಿಂಬಿನ ಚೀಲದಲ್ಲಿ ಕೂಡಿಟ್ಟಿದ್ದಳು ನನ್ನ ಮಗಳು, ಮನೆಯೆಲ್ಲ ಕೂದಲು, ಅನ್ನದಲ್ಲಿ ಕೂದಲು, ಅವಳಪ್ಪ ನಾಲಿಗೆಯ ಮೇಲಿಂದ ಒಂದೆಳೆ ತೆಗೆದು ಬೆಳಕಿಗೆ ಹಿಡಿದು, ಇದು ನಂದಂತೂ ಅಲ್ಲಪ್ಪ, ಅಂತ ತನ್ನ ಬೋಳುತಲೆ ಸವರಿಕೊಂಡಾಗ ಮೂವರೂ ನಕ್ಕಿದ್ದೆವು — ಅವರ ಹಳೆಯ ಬೂದು ಪ್ಯಾಂಟೇ ಗೊಂಬೆಯ ಚರ್ಮ, ಸಣ್ಣ ಸೂಜಿಗೆ ದಾರ ಪೋಣಿಸಲಾಗದೆ ಮೂಟೆ ಹೊಲಿಯುವ ದಬ್ಬಳ ಹಿಡಿದು ಹೊಲಿದಳು, ಬೆರಳಿಗೆ ಚುಚ್ಚಿಸಿಕೊಂಡು ಚೀಪಿಕೊಂಡು ಮತ್ತೆ ಹೊಲಿದಳು, ನಾನು ಹೊಲಿದುಕೊಡಲೇ ಅಂದರೆ ಬೇಡಮ್ಮ, ನೀನು ಮುಟ್ಟಬೇಡ ಅಂದಳು. ಅಂಥ ಮಗುವಿನ ಮುಖಕ್ಕೆ ಇದು ನಿನ್ನದಲ್ಲ ಅಂದುಬಿಟ್ಟರಲ್ಲ, ಹೇಗಾದರೂ ನಾಲಿಗೆ ಬಂತೋ.

ಆಲೂಗಡ್ಡೆ ಬೆಂದಿತೋ ಇಲ್ಲವೋ, ಚಾಕು ಚುಚ್ಚಿದರೆ ನಡುವೆ ಇನ್ನೂ ಗಟ್ಟಿ, ಬೇಯಲಿ, ಇದಕ್ಕೂ ನನ್ನ ಮೇಲೆ ಹಟ. ಮೆಟ್ಟಿಲಲ್ಲಿ ಸಿಕ್ಕಳಲ್ಲ ಎಲೆಕ್ಟ್ರಿಷಿಯನ್ನನ ಹೆಂಡತಿ, ಕೆಳಗಿನ ಮನೆಯವಳು, ನನ್ನ ಚಪ್ಪಲಿ ಸದ್ದಿಗೇ ಕಾದಿದ್ದಳೇನೋ, ಅಕ್ಕಾ, ನಿಮ್ಮ ಪುಟ್ಟೀದು ಪಾಪ ಹಾಗಾಯ್ತಂತೆ, ನಮ್ಮ ಹುಡುಗ ಶಾಲೆಯಿಂದ ಬಂದು ಹೇಳಿದ, ನನಗಂತೂ ಕರುಳು ಚುರುಕ್ ಅಂತು ಅಕ್ಕಾ. ಅವಳ ಕರುಳು! ಅವಳ ಮಗನದ್ದು ಮಾತ್ರ ಬಾಗಿಲಲ್ಲೇ ಮೊದಲನೇ ಮೇಜಿನ ಮೇಲೆ ಇಟ್ಟಿದ್ದಾರಂತೆ, ಸಮುದ್ರದ ದೀಪಸ್ತಂಭ, ಗುಂಡಿ ಒತ್ತಿದರೆ ದೀಪ ಗಿರಗಿರ ತಿರುಗುತ್ತದಂತೆ, ಒಳಗೆ ಮೋಟಾರು, ವೈರು, ಸ್ವಿಚ್ಚು, ಎಲ್ಲ ಅವನೇ ಮಾಡಿದ್ದಂತೆ, ಆ ಹುಡುಗನಿಗೆ ಇನ್ನೂ ಶೂ ಲೇಸು ಕಟ್ಟಲು ಬರುವುದಿಲ್ಲ, ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿ ಅಮ್ಮಾ ಅಂತ ಕೂಗುತ್ತಾನೆ, ದೀಪಸ್ತಂಭ ಕಟ್ಟಿದನಂತೆ. ಅದನ್ನು ಕೇಳುವವರಿಲ್ಲ. ನನ್ನ ಮಗಳನ್ನು ಮಾತ್ರ ನಿಲ್ಲಿಸಿ ಕೇಳುತ್ತಾರೆ. ಪ್ರತಿಯೊಬ್ಬರೂ ಎದ್ದು ನಿಂತು ತಾವು ಮಾಡಿದ್ದರ ಬಗ್ಗೆ ಒಂದು ಪುಟ ಓದಬೇಕಿತ್ತಂತೆ, ಇವಳು ಓದಿದಳಂತೆ, ಇವಳು ನಮ್ಮ ಬೂದಿ, ಇವಳ ಎಡಗಿವಿ ಅರ್ಧ ಇಲ್ಲ, ಅದಕ್ಕೇ ನಾನೂ ಅರ್ಧವೇ ಇಟ್ಟಿದ್ದೇನೆ, ಅಲ್ಲಿ ಮುಟ್ಟಿದರೆ ಇವಳು ಕಣ್ಣು ಮುಚ್ಚುತ್ತಾಳೆ — ಓದುತ್ತಲೇ ಗೊಂಬೆಗೆ ಸುತ್ತಿದ ಕಾಗದ ಬಿಚ್ಚಿದಳಂತೆ, ಟೀಚರಮ್ಮ ಗೊಂಬೆಯನ್ನು ಎತ್ತಿ ಹಿಡಿದು ಇತ್ತ ತಿರುಗಿಸಿ ಅತ್ತ ತಿರುಗಿಸಿ, ಎರಡು ಕಿವಿಯೂ ನೆಟ್ಟಗಿದೆಯಲ್ಲಮ್ಮ, ಯಾರು ಹೊಲಿದದ್ದು ಇದನ್ನ, ಅಂದರಂತೆ, ತರಗತಿಯೆಲ್ಲ ನಕ್ಕಿತಂತೆ, ಇವಳು ಗೊಂಬೆಯನ್ನೇ ನೋಡುತ್ತಾ ನಿಂತು ನಿಂತು, ನಮ್ಮಮ್ಮ, ಅಂದಳಂತೆ. ಯಾಕೆ ಅನ್ನಬೇಕಿತ್ತು? ನಾನೇ ಅಂತ ಒಂದು ಮಾತು ಬರಲಿಲ್ಲವೇ ಬಾಯಿಗೆ, ಆ ದೀಪಸ್ತಂಭದವನ ಬಾಯಿಗೆ ಬರುತ್ತದೆ, ನಿನ್ನ ಬಾಯಿಗೆ ಬರುವುದಿಲ್ಲ, ಸತ್ಯಸಂಧೆ, ಅಮ್ಮನನ್ನು ಎಲ್ಲರೆದುರು ನಿಲ್ಲಿಸಿದ ಹಾಗಾಯಿತು, ನಾನೇನು ಮಾಡಬಾರದ್ದು ಮಾಡಿದೆ, ಹತ್ತು ನಿಮಿಷದ ಕೆಲಸ, ಹತ್ತೇ ನಿಮಿಷ.

ಬಾಣಲೆ ಕಾದಿದೆ, ಎಣ್ಣೆಗೆ ಈರುಳ್ಳಿ ಹಾಕಿದರೆ ಚುಂಯ್ ಎನ್ನುತ್ತದೆ, ಕಣ್ಣು ಉರಿಯುತ್ತಿರುವುದು ಇದರಿಂದಲೇ, ಬೇರೆ ಏನಿಲ್ಲ. ನಿನ್ನೆ ಸಂಜೆ ಇವಳು ಬೂದಿಯನ್ನು ಕರೆದುಕೊಂಡು ಹೊರಗೆ ಸುತ್ತಾಡಿಸಲು ಹೋಗಿದ್ದಳು, ಗೊಂಬೆ ಮೇಜಿನ ಮೇಲಿತ್ತು, ನಾನು ಕಾಗದದಲ್ಲಿ ಸುತ್ತಿ ಚೀಲಕ್ಕಿಡೋಣವೆಂದು ಎತ್ತಿಕೊಂಡೆ, ಅಷ್ಟೇ, ಹೊಟ್ಟೆಯ ಹತ್ತಿರ ಒಂದು ದಾರ ಜೋತಾಡುತ್ತಿತ್ತು, ಕತ್ತರಿಸಿದೆ, ಕತ್ತರಿಸಿದರೆ ಆ ಹೊಲಿಗೆಯೆಲ್ಲ ಸಡಿಲ, ಒಂದು ಅಷ್ಟುದ್ದ ಒಂದು ಇಷ್ಟುದ್ದ, ಕುಡಿದವನು ನಡೆದ ಹಾಗೆ — ದಿನಕ್ಕೆ ಎಂಟು ಗಂಟೆ ಗಾರ್ಮೆಂಟ್ಸಿನ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಅಂಗಿ ತಿರುಗಿಸುವವಳು ನಾನು, ಕಾಲರ್, ತೋಳು, ಅಂಚು, ಜೇಬು, ಎಲ್ಲಿ ಹೊಲಿಗೆ ಕೂದಲೆಳೆಯಷ್ಟು ಸರಿದಿದ್ದರೂ ಅಲ್ಲಿ ಕೆಂಪು ಬಾಣದ ಸ್ಟಿಕ್ಕರು, ಬಿಚ್ಚು, ಮತ್ತೆ ಹೊಲಿ, ಮುಂದಿನದು, ಈ ಬೆರಳುಗಳು ನನ್ನನ್ನು ಕೇಳಿಯೇ ಕೆಲಸ ಮಾಡುತ್ತವೆಯೇ, ಬಸ್ಸಿನಲ್ಲಿ ಎದುರು ಕೂತವರ ಅಂಗಿಯ ಗುಂಡಿಯನ್ನೂ ತಪ್ಪು ಹುಡುಕುತ್ತ ನೋಡುತ್ತೇನೆ, ಅವರು ಏನಂದುಕೊಳ್ಳುತ್ತಾರೋ. ಹೊಟ್ಟೆ ಬಿಚ್ಚಿ ಹೊಲಿದೆ. ಕಣ್ಣಿನ ಗುಂಡಿ ಒಂದು ಕೆಳಗಿತ್ತು, ಮೇಲಕ್ಕೆ ತಂದೆ. ಕಿವಿ ಒಂದು ಚಿಕ್ಕದು ಒಂದು ದೊಡ್ಡದು, ಜೋಡಿ ಸರಿಯಿಲ್ಲ, ಚಿಕ್ಕದಕ್ಕೆ ಅದೇ ಪ್ಯಾಂಟಿನ ತುಂಡು ಸೇರಿಸಿ ಸಮ ಮಾಡಿದೆ — ಸಮ ಮಾಡುವಾಗ ಒಂದು ಕ್ಷಣ, ಒಂದೇ ಒಂದು ಕ್ಷಣ ಬೂದಿಯ ನೆನಪಾಗಬಾರದಿತ್ತೇ, ನಾಲ್ಕು ವರ್ಷದಿಂದ ದಿನಾ ಅನ್ನ ಹಾಕುತ್ತೇನೆ ಈ ಅರೆಗಿವಿಗೆ, ಈಗಲೂ ನನ್ನ ಕಾಲಿಗೆ ತಲೆ ಒತ್ತಿಕೊಂಡು ಕೂತಿದೆ, ಗ್ಯಾರೇಜಿನವನು ನಾಲ್ಕು ಮರಿಗಳನ್ನು ಡಬ್ಬದಲ್ಲಿಟ್ಟು ಯಾವುದು ಬೇಕೋ ಆರಿಸ್ಕೋ ಪುಟ್ಟಿ ಅಂದಾಗ ಇವಳು ಇದನ್ನೇ ಎತ್ತಿಕೊಂಡಳು, ನಾನೇ ಅಂದಿದ್ದೆ, ಅದು ಬೇಡ ಕಣೇ, ಸರಿಯಾಗಿರೋದನ್ನ ತಗೋ. ಹೌದು, ನಾನೇ ಅಂದಿದ್ದೆ. ಏನಾಯಿತು ಈಗ. ಅಮ್ಮಂದಿರು ಸರಿಯಾಗಿರುವುದನ್ನೇ ತಗೋ ಅನ್ನುತ್ತಾರೆ, ಹರಕು ತಗೋ ಅಂತ ಯಾರು ಅನ್ನುತ್ತಾರೆ. ಆಮೇಲೆ ಆ ತೂತುಗಳು, ಅವು ಮಾತ್ರ ಹೋಗಲಿಲ್ಲ, ದಬ್ಬಳದ ತೂತು, ಒತ್ತು ನೇಯ್ಗೆಯ ಬಟ್ಟೆ, ನನ್ನ ಹೊಲಿಗೆ ನೇರವಾಗಿ ಹೋದರೆ ಅದರ ಪಕ್ಕದಲ್ಲೇ ಅವಳ ತೂತುಗಳ ಸಾಲು, ಮೇಲೆ ಕೆಳಗೆ ಕುಣಿಯುತ್ತಾ, ಉಗುರಿನಿಂದ ತೀಡಿದೆ, ನಾವು ಕೆಲಸದಲ್ಲಿ ತೀಡಿ ಮುಚ್ಚುವ ಹಾಗೆ, ಎಳೆ ಕೂಡಿಕೊಂಡವು ಅಂದುಕೊಂಡೆ, ಬೆಳಕಿಗೆ ಹಿಡಿದೆ, ಕೂಡಿರಲಿಲ್ಲ. ಆಗಲೇ ಮೆಟ್ಟಿಲಲ್ಲಿ ಬೂದಿಯ ಉಗುರಿನ ಸದ್ದು ಕೇಳಿ ಸರಸರನೆ ಕಾಗದ ಸುತ್ತಿ ಚೀಲಕ್ಕೆ ತುರುಕಿದೆ — ಕಳ್ಳಿಯ ಹಾಗೆ, ನನ್ನದೇ ಮನೆಯಲ್ಲಿ. ತಪ್ಪಲ್ಲದಿದ್ದರೆ ತುರುಕಿದ್ದು ಯಾಕೆ ಅಂತ ಆ ಟೀಚರಮ್ಮ ಕೇಳಲಿಲ್ಲ, ಪುಣ್ಯ. ಆಲೂಗಡ್ಡೆ ಸುಲಿದು ಬಾಣಲೆಗೆ ಹಾಕಿ, ಉಪ್ಪು, ಮೆಣಸಿನ ಪುಡಿ, ಮೇಲೊಂದು ಮೊಟ್ಟೆ ಒಡೆದು, ಅವಳಿಗೆ ಹಳದಿ ಒಡೆಯದಂತಿರಬೇಕು, ಒಡೆಯಲಿಲ್ಲ, ತಟ್ಟೆ ಹಿಡಿದುಕೊಂಡು ಕೋಣೆಯ ಹತ್ತಿರ ಹೋದರೆ ಬೂದಿ ನನಗಿಂತ ಮುಂದೆ ಓಡಿ ಮೂತಿಯಿಂದ ಬಾಗಿಲು ತಳ್ಳಿತು. ನೆಲದ ಮೇಲೆ, ಕಿಟಕಿಯ ಕೆಳಗೆ, ನನಗೆ ಬೆನ್ನು ಮಾಡಿ ಕೂತಿದ್ದಾಳೆ, ಸುತ್ತಲೂ ನನ್ನ ದಾರದ ತುಂಡುಗಳು, ಒಂದೊಂದು ಹೊಲಿಗೆಯನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಕಿತ್ತಿದ್ದಾಳೆ, ನಾನು ಸೇರಿಸಿದ ಅರ್ಧ ಕಿವಿ ಒಂದು ಕಡೆ ಬಿದ್ದಿದೆ, ಹೊಟ್ಟೆ ಬಿಚ್ಚಿ ಕೂದಲು ಹೊರಗೆ ಬಂದಿದೆ. ಅಳುತ್ತಿಲ್ಲ. ಅತ್ತಿದ್ದರೆ ಎರಡು ಮಾತು ಬೈದು ಕಣ್ಣೊರೆಸಬಹುದಿತ್ತು. ಪುಟ್ಟಿ, ಊಟ. ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಾಳೆ. ಪುಟ್ಟಿ, ಆರಿಹೋಗುತ್ತೆ, ಆ ಕಡೆ ಬಟ್ಟೆ ಸ್ವಲ್ಪ ಮಡಚಿಕೊಂಡರೆ —

ಬೆಳಕಿಗೆ ಅಡ್ಡ ಬರಬೇಡಮ್ಮ.

ಸರಿದು ನಿಂತಿದ್ದೇನೆ. ಎಷ್ಟು ಜೋರು ಇವಳದು, ನಾನು ಹೆತ್ತವಳು, ನನಗೇ ಅಡ್ಡ ಬರಬೇಡ ಅನ್ನುತ್ತಾಳೆ, ತಟ್ಟೆ ಬಿಸಿ, ಕೈ ಸುಡುತ್ತಿದೆ, ಕೆಳಗಿಡಬೇಕು, ಇಡಲಾಗುತ್ತಿಲ್ಲ, ದಬ್ಬಳವನ್ನು ಅಷ್ಟು ಬಿಗಿಯಾಗಿ ಹಿಡಿಯಬೇಡ ಅನ್ನಬೇಕು, ಅನ್ನುವುದಿಲ್ಲ, ನನ್ನ ಬೆರಳು ತಟ್ಟೆಯ ಅಂಚನ್ನೇ ತೀಡುತ್ತಿದೆ, ಮತ್ತು ಅವಳು ಬಟ್ಟೆಯನ್ನು ಮೂಗಿನ ಹತ್ತಿರ ತಂದು, ಉಸಿರು ಹಿಡಿದು, ಹೊಸದಾಗಿ ಎಲ್ಲೂ ಚುಚ್ಚುತ್ತಿಲ್ಲ, ನಾನು ಮುಚ್ಚಲಾಗದೆ ಬಿಟ್ಟ ತನ್ನ ಹಳೆಯ ತೂತುಗಳನ್ನೇ ಹುಡುಕುತ್ತಿದ್ದಾಳೆ, ದಬ್ಬಳದ ತುದಿ ತಡಕುತ್ತದೆ, ನಿಲ್ಲುತ್ತದೆ, ಒಂದು ತೂತು ಸಿಕ್ಕಿತು, ಒಳಗೆ ಹೋಯಿತು, ಇನ್ನೊಂದು, ಅದು ಸ್ವಲ್ಪ ಕೆಳಗೆ, ಇನ್ನೊಂದು, ತೀರಾ ಮೇಲೆ, ಅಲ್ಲಿ, ಅಲ್ಲೇ, ಆ ತೂತು