ಕಾಗದದೊಳಗೆ ಬಲಿತ ಹೂವು

ಬೆಟ್ಟದ ತುದಿಯ ಹಳದಿ ಹೂಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಸೂರ್ಯಕಾಂತಿಯ ಬಡ ನೆಂಟರು! ಇವುಗಳ ಗುರುತು ಹಿಡಿಯಲು ಹೋಗಿ ತಲೆ ಕೆಡಿಸಿಕೊಂಡವರಿಗೆ ಲೆಕ್ಕವಿಲ್ಲ. ನಮ್ಮಕ್ಕನಿಗೆ ಮಾತ್ರ ತಾನು ತಂದದ್ದು ಯಾರೂ ಕಾಣದ ಹೊಸ ಜಾತಿ ಎಂಬ ಹಟ. ಅದನ್ನು ಕಿತ್ತು ಇಳಿಯುವಾಗ ಬಿದ್ದು ಮಂಡಿ ಮುರಿದುಕೊಂಡಳು. ಇನ್ನು ಬೆಟ್ಟದ ಮಾತೇ ಬೇಡ ಎಂದುಬಿಟ್ಟರು ಡಾಕ್ಟರು. ಆ ಜಾಗದ ದಾರಿ ಬೇರೆ ಯಾರಿಗೂ ಗೊತ್ತಿಲ್ಲ.

"ಬೀಜದ ತುದಿಯ ಕೂದಲು ಬಿಳಿ ಇದ್ರೆ ಹಳೇ ಜಾತಿ, ಕಂದು ಇದ್ರೆ ಹೊಸದು. ನೀವು ಬರೀ ಹೂ ತಂದಿದ್ದೀರಿ. ಬೀಜ ಎಲ್ರೀ?" ಎಂದರು ನಮ್ಮ ಸಸ್ಯ ಸಂಗ್ರಹಾಲಯದ ಸಾಹೇಬರು.

ಅಕ್ಕನ ಮುಖ ಸಪ್ಪಗಾಯಿತು. ನನಗೆ ಮೈಯೆಲ್ಲ ಉರಿಯಿತು. ಹೂ ಒಣಗಿಸುವ ಪೆಟ್ಟಿಗೆ ಕೆಟ್ಟು ಕೂತಿದ್ದರೂ ರಿಪೇರಿಗೆ ಒಪ್ಪದ ಮಹಾನುಭಾವರು ಇವರು. ಹೂಗಳನ್ನು ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೊಂದು ಹಲಗೆ ಹೇರಿ, ಬೆಲ್ಟು ಬಿಗಿದು ಸುಮ್ಮನಾದೆ.

ಕೆಲವು ದಿನ ಕಳೆದು ಅವರೆದುರೇ ಬೆಲ್ಟು ಬಿಚ್ಚಿದೆ. ಕಾಗದ ಎತ್ತಿದ್ದೇ ತಡ, ನವಿರಾದ ತುಪ್ಪಳ ಬುಸ್ಸೆಂದು ಮೇಲೆದ್ದಿತು! ಹೂವಿಗೆ ತಾನು ಸತ್ತದ್ದೇ ಗೊತ್ತಾಗಿರಲಿಲ್ಲ. ನಿಧಾನವಾಗಿ ಒಣಗುತ್ತ, ಒಳಗೇ ಬಲಿತು ಬೀಜ ಕಟ್ಟಿತ್ತು.

"ಹಾಳು ಮಾಡಿದ್ರಲ್ರೀ!" ಎಂದ ಸಾಹೇಬರು ಮೂಗಿನ ಸುತ್ತ ಹಾರುತ್ತಿದ್ದುದನ್ನು ಓಡಿಸಲು ಫ್ಯಾನ್ ಹಾಕಿದರು.

ಅಷ್ಟೇ ಸಾಕಾಯಿತು. ಬೀಜಗಳೆಲ್ಲ ಕೋಣೆ ತುಂಬ ಗಿರಗಿರ, ಕೂದಲಿನ ಬಣ್ಣ ನೋಡಲೂ ಬಿಡದೆ! ಅಕ್ಕ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಟೋಪಿ ಬೀಸಿದಳು. ಸಾಹೇಬರು ಸೀನಿ ಸೀನಿ ಸುಸ್ತಾದರು. ನಾನು ಕುರ್ಚಿ ಹತ್ತಿ, ನಗು ತಡೆಯಲಾಗದೆ ಧೊಪ್ಪನೆ ಕೆಳಗೆ ಬಿದ್ದೆ.

"ಫ್ಯಾನ್ ಆರ್ಸೇ!" ಅಕ್ಕ ಕಿರುಚಿದಳು. "ಸಾರ್, ಅಲ್ಲಾಡ್ಬೇಡಿ! ನಿಮ್ಮೆದೆ ಮೇಲೆ ಒಂದು ಕೂತಿದೆ."

ಸಾಹೇಬರದು ಅಚ್ಚ ಬಿಳಿ ಸ್ವೆಟರ್. ಅದರ ಮೇಲೆ ಬಿಳಿ ಕೂದಲಾದರೆ ಕಾಣಿಸುವುದೇ ಇಲ್ಲ.

ಈ ಬೀಜದ ಕೂದಲು ಮಾತ್ರ ನನಗೆ ಬಿದ್ದಲ್ಲಿಂದಲೇ ಕಾಣುತ್ತಿತ್ತು.

ಅಕ್ಕ ಭೂತಗನ್ನಡಿಯನ್ನು ಸಾಹೇಬರಿಗೇ ಕೊಟ್ಟಳು. ಅವರು ಗದ್ದವನ್ನು ಕುತ್ತಿಗೆಗೊತ್ತಿ, ಮೆಳ್ಳೆಗಣ್ಣು ಮಾಡಿ ನೋಡಿದರು.

"ಕಂದು," ಎಂದರು. ಮತ್ತೆ ನೋಡಿದರು. "ಕಂದೇ! ಹೊಸದೇ ಕಣಮ್ಮಾ, ಹೊಸದೇ!"

ಅಕ್ಕ ನೆಲದ ಮೇಲೆ ಕುಸಿದು ಕೂತು, ನಗುನಗುತ್ತಲೇ ಗಳಗಳ ಅತ್ತುಬಿಟ್ಟಳು. ನಾನು ಸಂತೋಷ ತಾಳಲಾರದೆ ಸಾಹೇಬರನ್ನೇ ತಬ್ಬಿಕೊಳ್ಳಲು ಓಡಿದೆ.

"ಏಯ್, ದೂರ! ಬೀಜ ಹಾರೋಗುತ್ತೆ!" ಎಂದು ಅವರು ಎರಡೂ ಕೈ ಚಾಚಿ ನನ್ನನ್ನು ತಡೆದರು.