ಮೇಲಿನ ಶೆಲ್ಫಿನ ಹತ್ತಿ

ಎಂಟನೆಯ ಕಪ್ಪಿಗೆ ಟೀ ಸುರಿಯುವಾಗ ಅವಳು ಟ್ರೇಗೆ ಚೆಲ್ಲಿದ್ದು ದುಃಖಕ್ಕಲ್ಲ, ಯಾರಾದರೂ ತನಗೆ ಮಾತಾಡು ಎಂದುಬಿಟ್ಟರೆ ಎಂಬ ದಿಗಿಲಿಗೆ. ಬೆಳಗ್ಗೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಡೈರಿಯಲ್ಲಿ ಒಂದೇ ಸಾಲು ಬರೆದಿದ್ದಳು: "ಎಲ್ಲರೆದುರು ಅಪ್ಪನ ಬಗ್ಗೆ ಎರಡು ಮಾತು ಹೇಳು ಅಂದರೆ ಏನು ಮಾಡಲಿ?" ಅಪ್ಪ ಸತ್ತ ಮರುದಿನ ಮಗಳಾದವಳು ಬರೆಯುವ ಸಾಲೇ ಇದು ಅನ್ನಿಸಿ ನಾಚಿಕೆಯಾಯಿತು. ಹೊಡೆದುಹಾಕಿದಳು. ಹೊಡೆದುಹಾಕಿದ ಮೇಲೂ ಅದು ಓದಲು ಬರುತ್ತಿತ್ತು.

ತನ್ನ ದನಿ ನಾಲ್ಕು ಜನಕ್ಕೆ ಕೇಳಿಸುತ್ತದೆ ಎಂದರೆ ಅವಳಿಗೆ ಮೊದಲಿನಿಂದಲೂ ಭಯ. ಬಸ್ಸಿನಲ್ಲಿ ಇಳೀಬೇಕು ಎಂದು ಕೂಗಲಾರದೆ ಮುಂದಿನ ಸ್ಟಾಪಿನವರೆಗೆ ಹೋಗಿ, ಬಿಸಿಲಲ್ಲಿ ನಡೆದು ವಾಪಸು ಬಂದಿದ್ದಕ್ಕೆ ಲೆಕ್ಕವಿಲ್ಲ. ಡಿಗ್ರಿ ಮುಗಿಸಿದ್ದೂ ಹಾಗೆಯೇ, ಹಾಜರಿಗೆ ಬರಿ ಕೈಯೆತ್ತಿ.

ಟ್ರೇ ಹಿಡಿದು ನಡುಮನೆಗೆ ಬಂದಳು. ಸೋಫಾವನ್ನು ಗೋಡೆಗೆ ಒತ್ತರಿಸಿ, ಮಧ್ಯೆ ಮಂಚ ಹಾಕಿ ಅಪ್ಪನನ್ನು ಮಲಗಿಸಿದ್ದರು. ಕೊರಳವರೆಗೆ ಬಿಳಿ ಹೊದಿಕೆ. ಆಸ್ಪತ್ರೆಯವರು ಮೂಗಿನ ಎರಡೂ ಹೊಳ್ಳೆಗೆ ಹತ್ತಿ ಇಟ್ಟು ಕಳಿಸಿದ್ದರು. ಬಂದವರೆಲ್ಲ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಮಾತ್ರ ನಿನ್ನೆಯಿಂದ ಅಪ್ಪನ ಪಾದಗಳನ್ನಷ್ಟೇ ನೋಡುತ್ತಿದ್ದಳು.

"ಮೂವತ್ತೊಂದು ವರ್ಷ ನನ್ನ ಕೌಂಟರಲ್ಲಿ ನಿಂತ ಮನುಷ್ಯ" ಎಂದರು ಔಷಧಿ ಅಂಗಡಿಯ ಯಜಮಾನರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಡಾಕ್ಟರು ಗೀಚಿದ್ದು ಡಾಕ್ಟರಿಗೇ ಅರ್ಥ ಆಗ್ತಿರ್ಲಿಲ್ಲ, ಇವನಿಗೆ ಆಗ್ತಿತ್ತು. ಒಂದೇ ಒಂದು ದಿನ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಟ್ಟವನಲ್ಲ."

"ಅವನ ಕಣ್ಣು ಚಿಕ್ಕಂದಿನಿಂದ್ಲೂ ಹಂಗೇ" ಎಂದಳು ಅತ್ತೆ, ಅಪ್ಪನ ಅಕ್ಕ. "ಅಕ್ಕೀಲಿ ಕಲ್ಲು ಆರಿಸೋಕೆ ನಮ್ಮಮ್ಮ ಅವನನ್ನೇ ಕೂರಿಸ್ತಿದ್ಲು."

"ಆದ್ರೆ ಒಂದು ವಿಷಯ ಮಾತ್ರ ನಂಗೆ ಕೊನೇವರೆಗೂ ತಿಳೀಲಿಲ್ಲಮ್ಮ." ಯಜಮಾನರು ಟೀ ತೆಗೆದುಕೊಂಡರು. "ಹತ್ತಿ ಕೇಳ್ಕೊಂಡು ಯಾರೇ ಬರ್ಲಿ, ಸ್ಟಾಕಿಲ್ಲ ಅನ್ನೋನು. ಮೇಲಿನ ಶೆಲ್ಫಲ್ಲಿ ಆರು ಬಂಡಲ್ ಕಣ್ಣಿಗೆ ಹೊಡೆಯೋ ಹಾಗೆ ಕೂತಿರುತ್ತೆ. ಇವನು ಅದರ ಕೆಳಗೇ ನಿಂತ್ಕೊಂಡು ಸ್ಟಾಕಿಲ್ಲ ಅಂತಾನೆ! ಎದುರಂಗಡೀಲಿ ಸಿಗುತ್ತೆ ಹೋಗಿ ಅಂತ ದಾರಿ ಬೇರೆ ತೋರಿಸ್ತಾನೆ."

ಕೆಳಗಿನ ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅದಕ್ಕೇ ಅಲ್ವಾ ನಮ್ಮ ಬೀದಿ ಮಕ್ಕಳೆಲ್ಲ ಸ್ಟಾಕಿಲ್ಲ ಮಾಮ ಅಂತಿದ್ದಿದ್ದು."

"ಎದುರಂಗಡಿಯವನಿಗೂ ಇವನಿಗೂ ಒಳಗೊಳಗೆ ಏನೋ ಕಮಿಷನ್ ಇದೆ ಅಂತ ನಂಗೆ ಅನುಮಾನ. ಒಂದ್ಸಲ ಕೇಳೇಬಿಟ್ಟೆ. ತಲೆ ತಗ್ಗಿಸಿ ನಿಂತ ನೋಡಿ, ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ." ಯಜಮಾನರು ಮಂಚದ ಕಡೆ ನೋಡಿ ದೊಡ್ಡ ಮನಸ್ಸು ಮಾಡಿದರು. "ಹೋಗ್ಲಿ ಬಿಡಿ. ಹತ್ತಿ ತಾನೆ, ಚಿನ್ನ ಅಲ್ವಲ್ಲ."

ಕೂತವರೆಲ್ಲ ಹೌದೆಂದು ತಲೆದೂಗಿದರು. ಮಾಡದ ತಪ್ಪಿಗೆ ಅಪ್ಪನಿಗೆ ಕ್ಷಮೆ ಸಿಕ್ಕಿತು. ಉತ್ತರ ಅವಳ ನಾಲಗೆಯ ತುದಿಯಲ್ಲೇ ಇತ್ತು. ಅವಳು ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಅಡುಗೆಮನೆಗೆ ನಡೆದಳು.

*

ಅವಳಿಗಾಗ ಏಳು ವರ್ಷ. ಭಾನುವಾರ ಬೆಳಗ್ಗೆ ಯಜಮಾನರು ಬರುವ ಮುಂಚೆ ಅಪ್ಪ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದ. ಅರ್ಧ ಷಟರ್ ಎತ್ತಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ವಾರದ ಹೊಸ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದ. ಸಾವಿರ ಮಾತ್ರೆಯ ದೊಡ್ಡ ಡಬ್ಬಿಗಳು. ಮುಚ್ಚಳ ತೆಗೆದರೆ ಕಾಗದದ ಸೀಲು, ಸೀಲಿನ ಕೆಳಗೆ ತುರುಕಿದ ಹತ್ತಿ.

"ಶುರು ಮಾಡು ಮರಿ" ಎಂದು ಚಿಮಟ ಕೊಟ್ಟು ಅಪ್ಪ ಬೀದಿಯ ಕಡೆ ತಿರುಗಿ ನಿಲ್ಲುತ್ತಿದ್ದ. ಅವಳು ಒಂದೊಂದೇ ಡಬ್ಬಿಯ ಹತ್ತಿ ಎಳೆದು ಕಾಗದದ ಚೀಲಕ್ಕೆ ಹಾಕುವಳು. ಚೀಲದ ಬಾಯಿ ಮಡಚಿ, ಹೊರಗಿನ ತೊಟ್ಟಿಗೆ ಎಸೆದು, ಕೈ ತೊಳೆದುಕೊಂಡು ಬಂದು, "ಆಯ್ತಪ್ಪ" ಎಂದ ಮೇಲೆಯೇ ಅವನು ಈ ಕಡೆ ತಿರುಗುವನು. ಡಬ್ಬಿಗೊಂದರಂತೆ ಪೆಪ್ಪರಮೆಂಟು.

"ಅದೇನು ಕಚ್ಚುತ್ತಾ ಅಪ್ಪ?" ಎಂದು ಒಮ್ಮೆ ಕೇಳಿದ್ದಳು.

ಅಪ್ಪ ಬೀದಿಯ ಕಡೆ ತಿರುಗಿಯೇ ಹೇಳಿದ್ದ. "ಕಚ್ಚಲ್ಲ. ಬೆರಳಲ್ಲಿ ಹಿಂಡಿದ್ರೆ ಕಿರ್ ಅನ್ನುತ್ತೆ ನೋಡು, ಅದು ನಂಗೆ ಕಿವೀಲಿ ಕೇಳ್ಸಲ್ಲ ಮರಿ. ಹಲ್ಲಿನ ಬೇರಲ್ಲಿ ಕೇಳ್ಸುತ್ತೆ. ಆಮೇಲೆ ಉಸಿರು ಸಿಕ್ಕಲ್ಲ."

ಅವಳು ಹಿಂಡಿ ನೋಡಿದ್ದಳು. ಏನೂ ಕೇಳಿಸಿರಲಿಲ್ಲ.

ನೂಲಾಗಿ ಬಟ್ಟೆಯಾದ ಹತ್ತಿಯ ಮೇಲೆ ಅಪ್ಪನಿಗೆ ತಕರಾರಿರಲಿಲ್ಲ. ಬಿಡಿ ಹತ್ತಿಯಷ್ಟೇ ಆಗುತ್ತಿರಲಿಲ್ಲ. ಹಳೆಯ ಶರಟುಗಳನ್ನು ಕುದಿಸಿ, ಒಣಗಿಸಿ, ಚೌಕವಾಗಿ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಹಾಕಿಡುತ್ತಿದ್ದ. ಮಂಡಿ ತರಚಿದರೆ ಅದರಲ್ಲೇ ಒರೆಸುವುದು, ಅದರಲ್ಲೇ ಕಟ್ಟುವುದು. ಮದುವೆಯಾದ ವಾರವೇ ಅಮ್ಮ ತವರಿನ ದಿಂಬುಗಳನ್ನು ವಾಪಸು ಕಳಿಸಿದ್ದಳಂತೆ. ಕೇಳಿದವರಿಗೆ, ಹತ್ತಿಯ ಧೂಳು ತನಗೇ ಆಗುವುದಿಲ್ಲ ಎಂದಿದ್ದಳಂತೆ.

ಜಗತ್ತಿನಲ್ಲಿ ಮೂರೇ ಜನಕ್ಕೆ ಗೊತ್ತಿದ್ದ ಗುಟ್ಟು. ಏಳು ವರ್ಷದ ಅವಳಿಗೆ ಅದೊಂದು ದೊಡ್ಡ ಪದವಿಯಾಗಿತ್ತು. ಶಾಲೆಗೆ ಹೋಗುವಾಗ, ನಮ್ಮಪ್ಪನನ್ನು ಕಾಪಾಡುವವಳು ನಾನು ಎಂದು ಎದೆಯುಬ್ಬಿಸಿ ನಡೆಯುತ್ತಿದ್ದಳು. ಆ ನಡಿಗೆ ಯಾವಾಗ ತಪ್ಪಿಹೋಯಿತು ಎಂದು ಡೈರಿಯಲ್ಲಿ ಹುಡುಕಿದ್ದಾಳೆ. ತಾರೀಖು ಸಿಕ್ಕಿಲ್ಲ.

*

ಅಮ್ಮ ಸಿಂಕಿನೆದುರು ನಿಂತಿದ್ದಳು.

"ಯಜಮಾನ್ರು ಅಂದಿದ್ದು ಕೇಳಿಸ್ತಾ?" ಎಂದಳು ಮಗಳು.

"ಮೂವತ್ತು ವರ್ಷದಿಂದ ಕೇಳಿಸ್ತಾನೇ ಇದೆ."

"ಹೇಳ್ಬಿಡೋಣ್ವಾ ಅಮ್ಮ?"

"ಏನಂತ? ಮನೆ ಯಜಮಾನ ಹತ್ತಿ ಕಂಡ್ರೆ ಹೆದರ್ತಿದ್ದ ಅಂತಾನಾ?" ಅಮ್ಮ ನಲ್ಲಿಯನ್ನು ಜೋರು ಮಾಡಿ ದನಿ ತಗ್ಗಿಸಿದಳು. "ಹಾವು ಅಂದ್ರೆ ಭಯ ಅನ್ನು, ಯಾರೂ ನಗಲ್ಲ. ಹತ್ತಿ ಅನ್ನು, ಮೆಟ್ಟಿಲಿಳಿಯೋಷ್ಟರಲ್ಲಿ ಬೀದಿಗೆಲ್ಲ ನಗು. ಕಳ್ಳ ಅನ್ನಿಸ್ಕೊಂಡ್ರೂ ಸೈ ಅಂತ ಬಾಯಿ ಮುಚ್ಕೊಂಡಿದ್ರು ನಿಮ್ಮಪ್ಪ. ಅಷ್ಟು ಜೋಪಾನ ಮಾಡಿದ್ದನ್ನ ನೀನು ಇವತ್ತು ನಡುಮನೇಲಿ ಹರಡ್ತೀಯಾ? ನೀನು? ಅಂಗಡೀಲಿ ಸೋಪು ಕೊಡಿ ಅನ್ನೋಕೆ ನಿಂಗೆ ಬಾಯಿ ಬರಲ್ಲ."

ಅದು ನಿಜವಾದ್ದರಿಂದ ಅವಳು ಕಪ್ಪುಗಳನ್ನು ಸಿಂಕಿಗೆ ಇಳಿಸಿದಳು. ಆಮೇಲೆ, "ಮೂಗಲ್ಲಿ..." ಎಂದಳು.

"ನೋಡಿದ್ದೀನಿ."

"ಅಮ್ಮ."

"ಈಗ ಅವರಿಗೇನೂ ಗೊತ್ತಾಗಲ್ಲ ಕಣೆ" ಎಂದು ಅಮ್ಮ ತೊಳೆದಿಟ್ಟಿದ್ದ ಕಪ್ಪನ್ನೇ ಎತ್ತಿಕೊಂಡು ಮತ್ತೆ ತೊಳೆದಳು.

ಅವಳು ಕುರ್ತಾದ ಜೇಬಿನಲ್ಲಿದ್ದ ಕಾಗದದ ಕವರನ್ನು ಮುಟ್ಟಿ ನೋಡಿಕೊಂಡಳು. ಬೆಳಗ್ಗೆ ಅಪ್ಪನ ಶರಟು ಹುಡುಕುವಾಗ ಕಪಾಟಿನಲ್ಲಿ ಸಿಕ್ಕಿದ್ದು. ಬಿಚ್ಚಿ ನೋಡಿರಲಿಲ್ಲ. ಒಳಗೇನಿದೆಯೆಂದು ಗೊತ್ತಿತ್ತು.

*

ನಾಲ್ಕು ತಿಂಗಳ ಹಿಂದೆ ಅಪ್ಪನಿಗೆ ಎರಡನೆಯ ಮಹಡಿಯ ಮನೆಗೆ ಹತ್ತುವಷ್ಟರಲ್ಲಿ ಮೂರು ಕಡೆ ನಿಲ್ಲುವಂತಾಯಿತು. ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟರು. ಚೀಟಿ ಎರಡು ವಾರ ಜೇಬಿನಲ್ಲೇ ಮಡಚಿಕೊಂಡಿತ್ತು.

"ನೀನೂ ಬಾ ಮರಿ" ಎಂದಿದ್ದ ಕೊನೆಗೊಂದು ಬೆಳಗ್ಗೆ. ಕೈಯಲ್ಲಿ ಕಾಗದದ ಕವರು, ಅದರೊಳಗೆ ಇಸ್ತ್ರಿ ಹಾಕಿದ ಬಟ್ಟೆಚೌಕಗಳು. "ಸೂಜಿ ಚುಚ್ಚಿಸ್ಕೊಳ್ಳೋಕೆ ನಂಗೇನಿಲ್ಲ. ನೀನು ಜೊತೆಗೆ ಒಳಗೆ ಬಂದು ನರ್ಸಿಗೆ ಒಂದು ಮಾತು ಹೇಳ್ಬಿಡು, ಹತ್ತಿ ಬದಲು ಇದರಲ್ಲಿ ಒರೆಸಿ ಅಂತ. ಈ ವಯಸ್ಸಲ್ಲಿ ನಾನೇ ಹೇಳೋಕೆ ಒಂಥರಾ ಆಗುತ್ತೆ."

ಹೂಂ ಎಂದಿದ್ದಳು. ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಲ್ಯಾಬಿನ ಕಾರಿಡಾರಿನಲ್ಲಿ ಇಪ್ಪತ್ತು ಜನ ಕೂತಿದ್ದರು. ಅವರಲ್ಲಿ ಡಿಗ್ರಿಯಲ್ಲಿ ಅವಳ ತರಗತಿಯಲ್ಲಿದ್ದ ಇಬ್ಬರು ಹುಡುಗಿಯರೂ ಇದ್ದರು. ಅಪ್ಪನ ಟೋಕನ್ ಕೂಗಿದರು. ಅಪ್ಪ ಎದ್ದು ಅವಳ ಮುಖ ನೋಡಿದ.

"ನೀವು ಹೋಗಿರಿ, ಬಂದೆ" ಎಂದಳು, ಮೊಬೈಲಿನಿಂದ ತಲೆಯೆತ್ತದೆ.

ಅಪ್ಪ ಒಳಗೆ ಹೋದ. ಅವಳು ಏಳಲಿಲ್ಲ. ಒಂದು ನಿಮಿಷ ಕಳೆದಿರಬೇಕು. ಒಳಗೆ ಸ್ಟೀಲಿನ ಟ್ರೇ ನೆಲಕ್ಕೆ ಬಿದ್ದ ಸದ್ದಾಯಿತು. ಅಪ್ಪ ಹೊರಗೆ ಬಂದ. ಶರಟಿನ ಒಂದು ತೋಳು ಮೇಲಕ್ಕೆ ಮಡಚಿತ್ತು, ರಟ್ಟೆಗೆ ಬಿಗಿದ ರಬ್ಬರಿನ ಪಟ್ಟಿ ಹಾಗೇ ಇತ್ತು, ಮುಖ ಸುಣ್ಣದಂತಾಗಿತ್ತು. ನಡೆಯುತ್ತಿರಲಿಲ್ಲ, ಓಡುತ್ತಿದ್ದ. ಹಿಂದೆಯೇ ನರ್ಸು.

"ರೀ, ರಬ್ಬರ್ ಕೊಟ್ಟು ಹೋಗ್ರಿ! ಸೂಜಿ ಇನ್ನೂ ಕೈಗೇ ತಗೊಂಡಿಲ್ಲ, ಹತ್ತಿ ತಾಗಿಸಿದ್ದಕ್ಕೇ ಹಿಂಗಾ?"

ಕಾರಿಡಾರು ಗೊಳ್ಳೆಂದಿತು. ತರಗತಿಯ ಹುಡುಗಿಯರೂ ನಕ್ಕರು. ಅಪ್ಪ ಬಾಗಿಲ ಹತ್ತಿರ ನಿಂತು ಅವಳ ಕಡೆ ತಿರುಗಿದ. ಅವನು ನೋಡಿದ ಕಡೆಗೇ ನರ್ಸೂ ನೋಡಿದಳು.

"ನೀವು ಅವರ ಕಡೆಯವರಾ?"

"ಅಲ್ಲ" ಎಂದಳು ಅವಳು.

ಜೀವಮಾನದಲ್ಲಿ ಅಷ್ಟು ಜನರೆದುರು ಅಷ್ಟು ಸ್ಪಷ್ಟವಾಗಿ ಅವಳು ಆಡಿದ್ದು ಅದೊಂದೇ ಮಾತು.

ಅಪ್ಪ ರಬ್ಬರು ಬಿಚ್ಚಿ ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟ. ತೋಳು ಇಳಿಸಿ, ಕಫ್ ಗುಂಡಿ ಹಾಕಿಕೊಂಡು, ಮೆಟ್ಟಿಲಿಳಿದು ಹೋದ. ಅವಳು ಬೇಕೆಂದೇ ಎರಡು ಬಸ್ಸು ಬಿಟ್ಟು ಮನೆಗೆ ಬಂದಳು. ಅಪ್ಪ ಪೇಪರು ಓದುತ್ತಿದ್ದ.

"ಕೂರೋಕೆ ಸೀಟು ಸಿಕ್ತಾ ಮರಿ?" ಎಂದು ಕೇಳಿದ. ಅಷ್ಟೇ.

ಅವನು ಮತ್ತೆ ಯಾವ ಲ್ಯಾಬಿಗೂ ಹೋಗಲಿಲ್ಲ. ಅವಳು ಮತ್ತೆ ಹೋಗೋಣ ಬನ್ನಿ ಎನ್ನಲಿಲ್ಲ. ಡೈರಿಯಲ್ಲಿ ಆ ದಿನದ ಹಾಳೆಯ ಮೇಲೆ ತಾರೀಖು ಬರೆದಿದೆ. ಕೆಳಗೆ ಏನೂ ಇಲ್ಲ. ನಿನ್ನೆ ಬೆಳಗ್ಗೆ ಅಪ್ಪ ಕೌಂಟರಿನ ಹಿಂದೆ ಕುಸಿದಾಗ ಕೈಯಲ್ಲಿ ಯಾರದೋ ಕೆಮ್ಮಿನ ಔಷಧಿ ಇತ್ತಂತೆ. ಬಾಟಲಿ ಒಡೆಯಲಿಲ್ಲವಂತೆ.

*

ಹನ್ನೊಂದಕ್ಕೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂತು. ಡ್ರೈವರು ಬೂದು ಬಣ್ಣದ ಅಂಗಿಯ ದಪ್ಪ ಮನುಷ್ಯ. ಮೆಟ್ಟಿಲು ಕಿರಿದಾಗಿದೆ, ಹುಷಾರಾಗಿ ಇಳಿಸಬೇಕು ಎಂದು ಎಲ್ಲರಿಗೂ ಹೇಳಿ, ಕೈಗೆ ಗ್ಲೌಸು ಹಾಕಿಕೊಂಡು ಮಂಚದ ತಲೆದೆಸೆಗೆ ಬಂದ. ಬಾಗಿ ಅಪ್ಪನ ಮುಖ ನೋಡಿದ.

"ಮೂಗಿಂದು ನೆಂದಿದೆ. ರೋಡು ಬೇರೆ ಸರಿ ಇಲ್ಲ, ಅಲ್ಲಾಡುತ್ತೆ. ಬದಲಾಯಿಸಿಬಿಡ್ತೀನಿ" ಎಂದು, ಹಳೆಯ ಹತ್ತಿ ತೆಗೆದು ಕವರಿಗೆ ಹಾಕಿದ. ಚೀಲದಿಂದ ನೀಲಿ ಕಾಗದ ಸುತ್ತಿದ ಹತ್ತಿಯ ಸುರುಳಿ ಎಳೆದ. ನಾಲ್ಕು ಬೆರಳಗಲ ಬಿಚ್ಚಿ, ಹಿಡಿದು ಹರಿದ.

ಕಿರ್ ಎಂದಿತು.

ಅವಳಿಗೆ ಅದು ಕೇಳಿಸಿತು. ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದವಳಿಗೆ, ಹದಿನಾಲ್ಕು ವರ್ಷ ತಡವಾಗಿ, ಹಲ್ಲಿನ ಬೇರಿನಲ್ಲಿ ಕೇಳಿಸಿತು.

"ಯಾರಾದ್ರೂ ಬಂದು ಗದ್ದ ಸ್ವಲ್ಪ ಎತ್ತಿ ಹಿಡ್ಕೊಳ್ಳಿ."

"ನಾನು ಹಿಡೀತೀನಿ" ಎಂದು ಯಜಮಾನರು ಎದ್ದರು. "ಕೊನೇಗೂ ಸ್ಟಾಕ್ ಬಂತು ನೋಡಪ್ಪ" ಎಂದರು ಮೆತ್ತಗೆ. ಅವರ ಕಣ್ಣಲ್ಲಿ ನೀರಿತ್ತು. ತಮಾಷೆಯೂ ಅವರಿಗೆ ಅಳುವ ಒಂದು ರೀತಿಯೇ ಇರಬೇಕು.

ಅವಳು ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಸೋಫಾಕ್ಕೂ ಮಂಚಕ್ಕೂ ನಡುವೆ ಇದ್ದ ಸಂದಿಯಲ್ಲಿ ನುಸುಳಿ, ಯಜಮಾನರಿಗಿಂತ ಮುಂಚೆ ಹೋಗಿ ನಿಂತಳು. ನಿನ್ನೆಯಿಂದ ಮೊದಲ ಸಲ ಅಪ್ಪನ ಮುಖ ನೋಡಿದಳು. ಗಡ್ಡ ಒಂದು ದಿನದ್ದು ಬೆಳೆದಿತ್ತು. ಡ್ರೈವರಿನ ಕೈಯಲ್ಲಿ ಹತ್ತಿ ಉಂಡೆಯಾಗುತ್ತಿತ್ತು. ಅವಳು ಜೇಬಿನಿಂದ ಕವರು ತೆಗೆದು ಅವನ ಮುಂದೆ ಹಿಡಿದಳು.

"ಇದೇನಮ್ಮ?" ಎಂದ ಡ್ರೈವರು. "ಬಟ್ಟೆ ಯಾಕೆ, ನನ್ಹತ್ರ ಹತ್ತಿ ಬೇಕಾದಷ್ಟಿದೆ. ಪಕ್ಕಕ್ಕೆ ಬನ್ನಿ, ಲೇಟಾಗುತ್ತೆ."

ಅವಳು ಪಕ್ಕಕ್ಕೆ ಸರಿಯಲಿಲ್ಲ. ಕವರನ್ನು ಇನ್ನಷ್ಟು ಮುಂದೆ ಚಾಚಿದಳು. ಅತ್ತೆ ತಲೆಯೆತ್ತಿದಳು. ಕೆಳಗಿನ ಮನೆಯಾಕೆ ಪಕ್ಕದವಳ ಮೊಣಕೈ ತಿವಿದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ, ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತ, ಬೇಡ ಎಂಬಂತೆ ತಲೆ ಆಡಿಸಲು ಹೊರಟವಳು ಅರ್ಧಕ್ಕೇ ನಿಂತಳು. ಮೆಟ್ಟಿಲ ಮೇಲಿದ್ದವರೂ ಏನಾಯಿತೆಂದು ಒಳಗೆ ಇಣುಕಿದರು.

ಡ್ರೈವರು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಅವರ ಕಡೆಯವರಾ?"

ಅವಳ ಕಿವಿ ಕಾದು ಕೆಂಪಾಯಿತು. ಕವರಿನ ಬಾಯಿ ಬಿಚ್ಚಿ, ಬಟ್ಟೆಚೌಕಗಳನ್ನು ಅಂಗೈಗೆ ಸುರಿದುಕೊಂಡಳು.

"ಹೌದು" ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂದು ಮೆಟ್ಟಿಲವರೆಗೂ ಹೋಯಿತು. "ಇವರು ನಮ್ಮಪ್ಪ. ನಮ್ಮಪ್ಪಂಗೆ ಹತ್ತಿ ಅಂದ್ರೆ ಭಯ."

ಯಾರೂ ನಗಲಿಲ್ಲ, ಅಥವಾ ನಕ್ಕರೋ, ಅವಳಿಗೆ ಕೇಳಿಸಲಿಲ್ಲ. ಅಂಗೈಯ ಮೇಲೆ ನಾಲ್ಕು ಮಡಿಕೆಯ ಚೌಕಗಳು, ಅಪ್ಪ ಇಸ್ತ್ರಿ ಹಾಕಿದ ಗೆರೆ ಒಂದಿಷ್ಟೂ ಮಾಸದೆ, ಹಾಗೇ ಇದ್ದವು.