ದೋಣಿಯಲ್ಲಿ ಹೇಳಬಾರದ ಹೆಸರು

ಶಾರ್ಕ್ ಹಿಡಿಯುವುದಕ್ಕೆ ಸರ್ಕಾರದ ತಡೆ ಇರುವ ಕಾಲ. ಮೇ ತಿಂಗಳು, ಊಟ ಮುಗಿದು ನಾಯಿಗಳೂ ನೆರಳು ಹುಡುಕಿಕೊಂಡು ಮಲಗಿದ್ದ ಹೊತ್ತು. ದಡದಲ್ಲಿ ಮಗುಚಿಹಾಕಿದ್ದ ನನ್ನ ದೋಣಿಯ ಹೊಟ್ಟೆಗೆ ಬಣ್ಣ ಬಳಿಯುತ್ತಾ ಕೂತಿದ್ದೆ. ನೀಕಾ ಬಂದು ಎದುರಿಗೆ ನಿಂತಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಬಾಯಿ ತೆರೆದ ಶಾರ್ಕಿನ ಚಿತ್ರ, ಹಲ್ಲುಗಳ ನಡುವೆ ಒಂದು ಹೆಲಿಕಾಪ್ಟರು.

"ಮಾವ, ಇದ್ರೊಳಗೆ ಎರಡಿದಾವೆ" ಅಂದಳು.

"ಏನು ಎರಡು?"

"ಡಿಸ್ಕು. ಮಸಾತ್ಲಾನ್ ಪಟ್ಟಣದಲ್ಲಿ ಸಿನಿಮಾ ಬಾಡಿಗೆಗೆ ಕೊಡೋ ಅಂಗಡಿ ಮುಚ್ತಿದಾರೆ, ಇದ್ದಬದ್ದದ್ದೆಲ್ಲ ಮಾರ್ತಿದಾರೆ. ನಮ್ಮಕ್ಕ ತಂದ್ಲು. ಸಂತೇಲಿ ತಗೊಂಡಿದ್ದು ಕಳ್ಳ ಮಾಲು, ಅದ್ರಲ್ಲಿ ಸಿನಿಮಾ ಒಂದೇ ಇತ್ತು. ಇದು ಅಸಲಿ. ಎರಡನೇದ್ರಲ್ಲಿ ಸಿನಿಮಾ ಹೇಗೆ ತೆಗೆದ್ರು ಅನ್ನೋದು, ಕತ್ತರಿಸಿ ಬಿಸಾಕಿದ ತುಂಡುಗಳು, ಎಲ್ಲಾ ಇದೆಯಂತೆ."

ನಾನು ಕುಂಚ ಕೆಳಗಿಟ್ಟೆ. ಅವಳು ಏನು ಹೇಳಲು ಬಂದಿದ್ದಾಳೆಂದು ಗೊತ್ತಾಯಿತು.

ಕಾಂದೆಲಾರಿಯೊ ಅವಳ ಗಂಡ. ಅವನ ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿಕೊಂಡು ನಿಂತವನು ನಾನು, ಅದಕ್ಕೇ ಅವಳು ನನ್ನನ್ನು ಮಾವ ಅನ್ನುವುದು. ಹಿಂದೊಂದು ತಡೆಯ ಕಾಲದಲ್ಲಿ, ದೋಣಿಗಳೆಲ್ಲ ಸುಮ್ಮನೆ ಬಿದ್ದಿದ್ದಾಗ, ಹೊರದೇಶದ ಸಿನಿಮಾದವರು ನಮ್ಮೂರು ಬೋಕಾ ಸೆಕಾಕ್ಕೆ ಬಂದರು. ರಬ್ಬರು, ಸ್ಪಂಜು, ಮೋಟಾರು ಸೇರಿಸಿ ಮಾಡಿದ ಒಂದು ಶಾರ್ಕನ್ನು ಲಾರಿಯಲ್ಲಿ ತಂದಿದ್ದರು. ಅದನ್ನು ನೀರಿನಲ್ಲಿ ಎಳೆದಾಡುವ ಕೆಲಸ ನಮ್ಮದು. ಮೊದಲ ದೃಶ್ಯದಲ್ಲೇ ಸಾಯುವ ಬೆಸ್ತ ಒಬ್ಬ ಬೇಕಿತ್ತು. ಕಾಂದೆಲಾರಿಯೊ ನೋಡಲು ಚೆನ್ನಾಗಿದ್ದ. ಅವನಿಗೆ ಮನಸ್ಸಿರಲಿಲ್ಲ, "ಹೋಗಿ ಬಾ, ಮನೆಗೆ ಹೆಂಚಾಗುತ್ತೆ" ಎಂದು ಕಳಿಸಿದವಳು ನೀಕಾ.

ಆ ದೃಶ್ಯ ತೆಗೆದ ದಿನ ನಾನು ಇನ್ನೊಂದು ದೋಣಿಯಲ್ಲಿ, ದೂರದಲ್ಲಿ, ಹಗ್ಗ ಹಿಡಿದು ನಿಂತಿದ್ದೆ. ಮೋಟಾರಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ನಿರ್ದೇಶಕ ಕೈ ಬೀಸುತ್ತಿದ್ದದ್ದು, ಕಾಂದೆಲಾರಿಯೊ ತಲೆ ಅಲ್ಲಾಡಿಸುತ್ತಿದ್ದದ್ದು ಮಾತ್ರ ಕಂಡಿತ್ತು.

ಅದೇ ವರ್ಷದ ಚಳಿಗಾಲದಲ್ಲಿ ಬಡಗಣ ಗಾಳಿಗೆ ಸಿಕ್ಕ ಅವನ ದೋಣಿ ಮಗುಚಿಕೊಂಡ ಸ್ಥಿತಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ.

ನಮ್ಮಲ್ಲಿ ಶಾರ್ಕಿನ ಹೆಸರನ್ನು ದಡದಲ್ಲಿ ಎಷ್ಟು ಬೇಕಾದರೂ ಹೇಳಬಹುದು, ಶಾರ್ಕನ್ನು ಹೊಟ್ಟೆ ತುಂಬ ತಿನ್ನಲೂಬಹುದು. ದೋಣಿಗೆ ಕಾಲಿಟ್ಟ ಮೇಲೆ ಹೇಳುವ ಹಾಗಿಲ್ಲ. ಅಲ್ಲಿ ಅದು ಬೀಗಿತ್ತಿ. ಬೀಗಿತ್ತಿ ಗಾಳಕ್ಕೆ ಬಂದಳು, ಬೀಗಿತ್ತಿ ಮುನಿಸಿಕೊಂಡಳು, ಹೀಗೆ. ಹೆಸರು ಹಿಡಿದು ಕರೆದರೆ ಒಂದು ದಿನ ಅವಳೂ ತಿರುಗಿ ಕರೆಯುತ್ತಾಳೆ ಎಂದು ನಮ್ಮ ಹಿರಿಯರು ನಂಬಿದ್ದರು. ಹಾಗೆ ಹೆಸರು ಹೇಳಿ ಹೋದವನಿಗೆ, ಸತ್ತವರಿಗೆಂದು ಮಾಡುವ ಒಂಬತ್ತು ದಿನದ ಪ್ರಾರ್ಥನೆ ನಡೆಸುವುದಿಲ್ಲ. ಹೆಣ ಸಿಗದವನ ಪ್ರಾರ್ಥನೆಗೆ ಮೊದಲ ಮೇಣದಬತ್ತಿ ಹಚ್ಚಬೇಕಾದವಳು ತಾಯಿ. ತಾಯಿ ಹಚ್ಚದಿದ್ದರೆ ಬೇರೆ ಯಾರೂ ಹಚ್ಚುವಂತಿಲ್ಲ.

ತಾಯಿ ಕುಕಾ ಹಚ್ಚಲು ಸಿದ್ಧಳೇ ಇದ್ದಳು. ಅಷ್ಟರಲ್ಲಿ ಸಂತೆಗೆ ಆ ಕಳ್ಳ ಡಿಸ್ಕು ಬಂತು. ಊರೆಲ್ಲ ಸೇರಿ ನೋಡಿದೆವು. ಮಗ ಪರದೆಯ ಮೇಲೆ, ದೋಣಿಯಲ್ಲಿ ಎದ್ದು ನಿಂತು, ಬಾಯಿ ದೊಡ್ಡದಾಗಿ ತೆರೆದು "ಶಾರ್ಕ್! ಶಾರ್ಕ್!" ಎಂದು ಕೂಗಿದ. ಕುಕಾ ಕುರ್ಚಿ ಬಿಟ್ಟು ಎದ್ದು ಹೋದಳು. ಅಂದಿನಿಂದ ಮೇಣದಬತ್ತಿಯ ಮಾತಿಲ್ಲ, ಪಕ್ಕದ ಮನೆಯಲ್ಲೇ ಇರುವ ಸೊಸೆಯ ಜೊತೆಯೂ ಮಾತಿಲ್ಲ. ಸಿನಿಮಾದಲ್ಲಿ ಬೇರೆಯವರು ದನಿ ಕೊಡುತ್ತಾರೆ ಎಂದು ನಾನು ಹೇಳಿ ನೋಡಿದೆ. "ಬಾಯಿ ನನ್ನ ಮಗಂದು ತಾನೆ? ತೆಗೆದಿದ್ದನ್ನ ಕಣ್ಣಾರೆ ಕಂಡೆ" ಎಂದಳು.

ಅಂದಿನಿಂದ ನೀಕಾ ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಪ್ರಾರ್ಥನೆಯಾಗದೆ ಕಪ್ಪು ಉಡುವಂತಿಲ್ಲ, ಬಣ್ಣ ಉಡಲು ಮನಸ್ಸಿಲ್ಲ.

"ನೀನು ನೋಡಿದ್ಯಾ ಇದನ್ನ?" ಎಂದು ಕೇಳಿದೆ.

"ಇಲ್ಲ ಮಾವ. ನಾನು ಮೊದಲು ನೋಡಿದ್ರೆ, ಬೇಕಾದ್ದು ಆರಿಸಿ ತೋರಿಸ್ತಿದಾಳೆ ಅಂತಾರೆ. ಅವ್ರೇ ಮೊದಲು ನೋಡ್ಲಿ."

"ಅದ್ರಲ್ಲೂ ಅವನು ಹೆಸರು ಹೇಳಿದ್ರೆ?"

ಡಬ್ಬಿಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. "ಹೇಳಿದ್ರೆ ಹೇಳ್ದ. ಗೊತ್ತಾಗುತ್ತಲ್ಲ."

ಕುಕಾ ಹಿತ್ತಲಿನಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಡಿಸ್ಕಿನ ವಿಷಯ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಎಲಿಹಿಯೊ ಅಣ್ಣ, ಬಣ್ಣದ ವಾಸನೆ ತಲೆಗೇರಿದ್ಯಾ ನಿನಗೆ?"

"ಏರಿರಬಹುದು. ಬರ್ತೀಯೋ ಇಲ್ವೋ?"

"ಒಂದ್ಸಲ ಸತ್ತಿದ್ದನ್ನ ನೋಡಿದ್ದು ಸಾಲ್ದಾ? ಮತ್ತೆ ಆ ರಬ್ಬರ್ ಮುಂಡೇದು ನುಂಗೋದನ್ನ ನೋಡ್ಬೇಕಾ?"

"ಇದ್ರಲ್ಲಿ ನುಂಗಲ್ಲ ಕುಕಾ. ಬಿಸಾಕಿದ ತುಂಡುಗಳಂತೆ. ಅವಕ್ಕೆ ದನಿ ಹಾಕೋ ಖರ್ಚು ಯಾರು ಮಾಡ್ತಾರೆ? ಅವನ ಸ್ವಂತ ದನಿ ಇರಬಹುದು."

ಕಾಳು ಆರಿಸುವ ಕೈ ನಿಂತಿತು. ಆಮೇಲೆ ಮಡಿಲನ್ನು ಕೊಡವಿ ಎದ್ದಳು. "ಅವಳ ಕಾಫಿ ಮಾತ್ರ ಕುಡಿಯಲ್ಲ, ಹೇಳಿರ್ತೀನಿ."

ನೀಕಾ ಟಿವಿಯ ಮೇಲಿನ ಕಸೂತಿ ಬಟ್ಟೆಯನ್ನು ತೆಗೆದು ಮಡಿಸಿಟ್ಟಿದ್ದಳು. ಕುಕಾ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೇಕೆಂದಾಗ ಎದ್ದು ಹೋಗುವಂತೆ, ತುದಿಯಲ್ಲಿ ಕೂತಳು. ನಾನು ಇಬ್ಬರ ನಡುವೆ.

ಮೊದಲು ನಾಯಕ ಬಂದ. ಕೈಯಲ್ಲಿ ದೊಡ್ಡ ಬಂದೂಕು ಹಿಡಿದು ಗಂಭೀರವಾಗಿ ಏನೋ ಹೇಳಲು ಹೊರಟು, ಕಾಲು ಜಾರಿ ನೀರಿಗೆ ಬಿದ್ದ. ಆಮೇಲೆ ಶಾರ್ಕು ಅಲೆ ಸೀಳಿಕೊಂಡು ಮೇಲೆದ್ದಿತು, ಅದರ ಮೂತಿ ಕಳಚಿ ತೇಲಿಹೋಯಿತು. ಅದರ ಹಿಂದೆ ಈಜಿಕೊಂಡು ಹೋಗಿ ಮೂತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವನು ನಾನೇ.

"ನೋಡು ನಿನ್ನ ಮುಖ" ಎಂದಳು ಕುಕಾ. "ಅದರ ಮೂತಿ ಯಾವುದು, ನಿನ್ನದ್ಯಾವುದು ಅಂತಾನೇ ಗೊತ್ತಾಗಲ್ಲ."

ನೀಕಾ ನಗು ತಡೆದುಕೊಂಡಳು.

ಆಮೇಲೆ ಅವನು ಬಂದ. ಕೆಂಪು ಟೋಪಿ, ಒಂದು ಕಾಲು ದೋಣಿಯ ಅಂಚಿನ ಮೇಲೆ. ಸಂಗೀತವಿಲ್ಲ, ನೀರಿನ ಸದ್ದು ಮಾತ್ರ. ಕಾಣದ ಯಾರೋ ದುಭಾಷಿ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದ: "ಎಲ್ಲಾ ಸರಿ ಇದೆ. ಈಗ ಶಾರ್ಕ್ ಅಂತ ಕೂಗು."

ಕಾಂದೆಲಾರಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲಿ ಆಗಲ್ಲ ಸ್ವಾಮಿ."

ಕುಕಾ ಕುರ್ಚಿಯ ತುದಿಯಿಂದ ಮುಂದಕ್ಕೆ ಬಾಗಿದಳು. ಅದು ಅವನದೇ ದನಿ. ನೆಗಡಿ ಹಿಡಿದವನ ಹಾಗೆ ಸ್ವಲ್ಪ ಒಡಕು.

"ಯಾಕಾಗಲ್ಲ? ಒಂದೇ ಮಾತು!"

"ದಡಕ್ಕೆ ಬನ್ನಿ, ಗಂಟಲು ಹರಿಯೋ ತನಕ ಕೂಗ್ತೀನಿ. ದೋಣೀಲಿ ಹೇಳಲ್ಲ. ನಮ್ಮಮ್ಮ ಹೊಡೀತಾಳೆ."

ಹಿಂದಿನಿಂದ ನಗು ಕೇಳಿಸಿತು. ಮತ್ತೆ ಶುರು ಎಂದರು. ಅವನು ಎದ್ದು ನಿಂತು, ಕೈ ಚಾಚಿ, ಗಟ್ಟಿಯಾಗಿ ಕೂಗಿದ: "ಬೀಗಿತ್ತಿ! ಬೀಗಿತ್ತಿ ಬಂದ್ಲು!"

ಈ ಸಲ ಬೇರೆ ಭಾಷೆಯಲ್ಲಿ ಯಾರೋ ರೇಗಿದರು. ದುಭಾಷಿಯ ದನಿ ಸೋತಂತಿತ್ತು. "ಹೋಗ್ಲಿ ಮಾರಾಯ, ಹೊತ್ತು ಮುಳುಗುತ್ತೆ. ಬಾಯಿ ದೊಡ್ಡದಾಗಿ ತೆಗೆದು ಏನಾದ್ರೂ ಕೂಗು. ಮಾತು ಆಮೇಲೆ ಬೇರೆಯೋರು ಹಾಕ್ತಾರೆ."

"ಏನಾದ್ರೂ?"

"ಏನಾದ್ರೂ!"

ಅವನು ಯೋಚಿಸಿ ನಕ್ಕ. ಆ ನಗು ನನಗೆ ಗೊತ್ತು. ಚಿಕ್ಕಂದಿನಲ್ಲಿ ಒಣಗಲು ಹಾಕಿದ ಮೀನು ಕದ್ದಾಗ ಅದೇ ನಗು. ಆಮೇಲೆ ಕಣ್ಣರಳಿಸಿ, ಸಾಯುವವನ ಮುಖ ಮಾಡಿ, ಸಿನಿಮಾದಲ್ಲಿ ನಾವೆಲ್ಲ ನೋಡಿದ್ದ ಅದೇ ರೀತಿಯಲ್ಲಿ ಕೂಗಿದ: "ಅಮ್ಮಾ! ಕಾಫಿ ಇಡು! ಅಮ್ಮಾ!"

ದೋಣಿ ಮರಳಿಗೆ ತಾಗಿದಾಗ ಅವನು ದಿನವೂ ಹಾಗೆಯೇ ಕೂಗುತ್ತಿದ್ದ, ಬೀದಿಗೆಲ್ಲ ಕೇಳುವ ಹಾಗೆ.

ಚಿತ್ರ ಬೇರೆ ಯಾವುದಕ್ಕೋ ಹಾರಿತು.

"ಇನ್ನೊಂದ್ಸಲ ಹಾಕು" ಎಂದಳು ಕುಕಾ. ಸೊಸೆಗೆ ಹೇಳಿದ್ದು. ಅಷ್ಟು ಕಾಲದ ಮೇಲೆ ಅದೇ ಮೊದಲ ಮಾತು.

ನೀಕಾ ಮೊದಲು ಬೇರೆ ಯಾವುದೋ ಗುಂಡಿ ಒತ್ತಿದಳು, ಆಮೇಲೆ ಸರಿಯಾದದ್ದು ಸಿಕ್ಕಿತು. ಮತ್ತೆ ನೋಡಿದೆವು. ಮತ್ತೂ ನೋಡಿದೆವು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು.

ಕುಕಾ ಅತ್ತಳು, ಆದರೆ ನಾನೆಣಿಸಿದ್ದಕ್ಕಲ್ಲ. ನನ್ನ ಕಡೆ ತಿರುಗಿ ಕೇಳಿದಳು: "ಹೆಸರು ಹೇಳೇ ಇಲ್ಲ ಇವನು. ಹಾಗಾದ್ರೆ ಬೀಗಿತ್ತಿ ಯಾಕೆ ಕರ್ಕೊಂಡ್ಲು ಅಣ್ಣ?"

ಮಗ ತಪ್ಪು ಮಾಡಿದ, ಸೊಸೆ ಮಾಡಿಸಿದಳು ಎಂಬ ಸಿಟ್ಟಿನ ಮೇಲೆ ಅವಳು ಇಷ್ಟು ದಿನ ನಿಂತಿದ್ದಳು. ಈಗ ಕಾಲ ಕೆಳಗೆ ಅದೂ ಇಲ್ಲ.

"ಗಾಳಿ ಇತ್ತು ಕುಕಾ" ಎಂದೆ. "ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಅವಳು ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಒರೆಸಿಕೊಂಡಳು. ಎದ್ದಳು. ಹೊರಗೆ ಹೋಗುತ್ತಾಳೆಂದುಕೊಂಡೆ. ಸೀದಾ ನೀಕಾಳ ಅಡುಗೆಮನೆಗೆ ಹೋಗಿ ಪಾತ್ರೆಗೆ ನೀರು ಸುರಿದು ಒಲೆಯ ಮೇಲಿಟ್ಟಳು.

"ಕಾಫಿಗೆ ಹಾಕೋ ದಾಲ್ಚಿನ್ನಿ ಎಲ್ಲಿಟ್ಟಿದೀಯೆ?" ಎಂದು ಒಳಗಿನಿಂದ ಕೂಗಿದಳು. "ಇದೇನು ಅಡುಗೆಮನೆಯೋ, ಬಲೆ ಬಿಚ್ಚೋ ಜಾಗವೋ?"

"ಎಡಗಡೆ ಡಬ್ಬೀಲಿ ಅತ್ತೆ" ಎಂದಳು ನೀಕಾ. ಅವಳು ಇನ್ನೂ ಟಿವಿಯ ಮುಂದೆ ನೆಲದ ಮೇಲೆ ಕೂತಿದ್ದಳು.

ಮರುದಿನ ಸಂಜೆ ಕುಕಾ ಮೊದಲ ಮೇಣದಬತ್ತಿ ಹಚ್ಚಿದಳು. ಒಂಬತ್ತು ಸಂಜೆ ಊರಿನವರು ಬಂದರು, ಪ್ರಾರ್ಥಿಸಿದರು, ಕುಕಾ ಮಾಡಿದ ಕಾಫಿ ಕುಡಿದರು. ಕೊನೆಯ ಸಂಜೆ ಅತ್ತೆ ತನ್ನ ಕಪ್ಪು ಶಾಲನ್ನು ಸೊಸೆಯ ಹೆಗಲಿಗೆ ಹೊದಿಸಿದಳು. ನೀಕಾ ಮಸಾತ್ಲಾನ್‌ನ ಅಕ್ಕನ ಮನೆಗೆ ಹೋಗಿ ಅಲ್ಲೇ ದುಡಿಯುವುದೆಂದು ಆಗಲೇ ತೀರ್ಮಾನವಾಗಿತ್ತು. ಯಾರೂ ತಡೆಯಲಿಲ್ಲ.

ಟಿವಿಯನ್ನೂ ಡಿಸ್ಕು ಹಾಕುವ ಪೆಟ್ಟಿಗೆಯನ್ನೂ ನಾನೇ ಹೊತ್ತು ಕುಕಾಳ ಮನೆಗೆ ಸಾಗಿಸಿದೆ. ಎರಡನೇ ಡಿಸ್ಕು ಅವಳ ಬಳಿ ಉಳಿಯಿತು. ಮೊದಲನೆಯದನ್ನು ಇಬ್ಬರೂ ಬೇಡವೆಂದರು. ಅದು ಡಬ್ಬಿಯ ಸಮೇತ ನನ್ನ ದೋಣಿಯ ಪೆಟ್ಟಿಗೆಯಲ್ಲಿದೆ.

ನೀಕಾ ಹೋದದ್ದು ಸೋಮವಾರ, ಬೆಳಗಿನ ಬಸ್ಸಿಗೆ.